ಕ್ರಿಸ್ಮಸ್ ಪ್ರಹಸನವೂ ಅದರ ಆಕ್ಷೇಪಕರೂ

ಒಂದು ಕೃತಿಯನ್ನು ಅಶ್ಲೀಲವೆಂದು ಕರೆದು ಕೈತೊಳೆದುಕೊಳ್ಳುವುದು ವಿಮರ್ಶೆಯ ಕೆಲಸಗಳಲ್ಲೆಲ್ಲ ಅತಿಸುಲಭವಾದುದು. ಆ ಮಾತನ್ನಾಡಿದವನಿಗೆ ಕೃತಿಯನ್ನು ಕಡೆಯವರೆಗೆ ನೋಡುವ ಶ್ರಮವೂ ಇಲ್ಲ, ಅಷ್ಟೊಂದು ಜನರು ಹಣ ಕೊಟ್ಟು ಅದನ್ನು ಏಕೆ ನೋಡಿದರೆಂದು ವಿಚಾರಿಸುವ ಹೊಣೆಯೂ ಇಲ್ಲ. ಅಮೆರಿಕ ದೇಶದಲ್ಲಿ ಕ್ರಿಸ್ಮಸ್ ಹಬ್ಬದ ಕಾಲಕ್ಕೆಂದೇ ಸಿದ್ಧವಾಗಿ ಬರುವ ಒಂದು ಬಗೆಯ ಹಾಸ್ಯಚಿತ್ರಗಳಿಗೆ ಈ ಗತಿಯೇ ಒದಗಿದೆ. ಇಂತಹ ಚಿತ್ರದಲ್ಲಿ ಏಕನಾಯಕನೆಂಬವನಿಲ್ಲ. ಹತ್ತು ಹನ್ನೆರಡು ಮಂದಿ ಹೆಸರಾದ ನಟನಟಿಯರು ಒಂದೆಡೆ ಕೂಡಿ, ಯೇಸುವಿನ ಜನ್ಮದಿನವೆಂದು ಲೋಕವು ಆಚರಿಸುವ ಹಬ್ಬದ ಹೊತ್ತಿನಲ್ಲಿ ಕುಡಿದು, ಕುಣಿದು, ಬಾಯಿಗೆ ಬಂದುದನ್ನಾಡಿ, ಮರ್ಯಾದೆಯ ಗೆರೆಗಳನ್ನೆಲ್ಲ ದಾಟುತ್ತಾರೆ. ಇದು ಪವಿತ್ರದಿನಕ್ಕೆ ಮಾಡಿದ ಅಪಚಾರವೆಂದು ಒಂದು ಪಕ್ಷದವರು ಖಂಡಿಸುತ್ತಾರೆ. ಇದು ಬರಿಯ ನಗೆ, ನಗೆಗೆ ವಿಚಾರವೇಕೆಂದು ಇನ್ನೊಂದು ಪಕ್ಷದವರು ತಳ್ಳಿಹಾಕುತ್ತಾರೆ. ಮೊದಲನೆಯವರಿಗೆ ಹಬ್ಬದ ಚರಿತ್ರೆ ತಿಳಿಯದು. ಎರಡನೆಯವರಿಗೆ ನಗೆಯ ಬೆಲೆ ತಿಳಿಯದು.

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದೇ ಚಿತ್ರವನ್ನು ಮುಂದಿಟ್ಟುಕೊಳ್ಳುವುದು ಮೇಲು. ೨೦೧೬ನೆಯ ಇಸವಿ ಡಿಸೆಂಬರ್ ೯ರಂದು ಅಮೆರಿಕದಲ್ಲಿ ತೆರೆಕಂಡ 'ಆಫೀಸ್ ಕ್ರಿಸ್ಮಸ್ ಪಾರ್ಟಿ' ಎಂಬುದು ಈ ಜಾತಿಯ ನಿಜವಾದ ಮಾದರಿ. ಜೋಷ್ ಗೋರ್ಡನ್ ಮತ್ತು ವಿಲ್ ಸ್ಪೆಕ್ ಎಂಬಿಬ್ಬರು ಇದರ ನಿರ್ದೇಶಕರು. ಹದಿನೇಳು ವರ್ಷದೊಳಗಿನವರು ಹಿರಿಯರ ಜೊತೆಯಿಲ್ಲದೆ ನೋಡಕೂಡದೆಂಬ ವರ್ಗಕ್ಕೆ ಸೇರಿದ್ದು. ವಿಮರ್ಶಕರಲ್ಲಿ ಬಹುಮಂದಿ ಮೆಚ್ಚದೆಹೋದದ್ದು. ಆದರೂ ನಾಲ್ಕೂವರೆ ಕೋಟಿ ಡಾಲರುಗಳಷ್ಟು ವೆಚ್ಚದ ಈ ಚಿತ್ರವು ಲೋಕದಾದ್ಯಂತ ೧೧ ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ಕಥೆಯೇನೋ ಸರಳ. ಶಿಕಾಗೋ ನಗರದಲ್ಲಿ ಜೆನೋಟೆಕ್ ಎಂಬ ಕಲ್ಪಿತ ಕಂಪೆನಿಯ ಒಂದು ಶಾಖೆ. ಕಾಲವಾದ ಯಜಮಾನನ ಮಗ ಕ್ಲೇ ಎಂಬವನು ಅದನ್ನು ನಡೆಸುತ್ತಾನೆ, ಉದಾರಿ, ತಿಳಿಗೇಡಿ. ಅವನ ಅಕ್ಕ ಕ್ಯಾರಲ್ ಇಡೀ ಕಂಪೆನಿಯ ಸೂತ್ರ ಹಿಡಿದವಳು, ಜಾಣೆ, ಕಠಿಣೆ. ಅವಳು ಹಬ್ಬದ ಮುನ್ನಾದಿನಗಳಲ್ಲಿ ಬಂದಿಳಿದು, ಕೂಟವಿಲ್ಲ, ಬೋನಸ್ ಇಲ್ಲ, ನೌಕರರಲ್ಲಿ ಬಹುಮಂದಿಗೆ ಕೆಲಸವೂ ಇಲ್ಲವೆಂದು ಸಾರುತ್ತಾಳೆ. ಒಂದು ಕೋಟಿ ನಲವತ್ತು ಲಕ್ಷ ಡಾಲರುಗಳ ಒಂದು ಒಪ್ಪಂದ ದೊರೆತರೆ ಮಾತ್ರ ಶಾಖೆ ಉಳಿದೀತು. ಆ ಒಪ್ಪಂದಕ್ಕೆ ರುಜು ಹಾಕಬೇಕಾದ ವಾಲ್ಟರ್ ಡೇವಿಸ್ ಎಂಬ ಗಂಭೀರ ಪುರುಷನನ್ನು ಒಲಿಸಿಕೊಳ್ಳಲೆಂದು ತಮ್ಮನು ಅಕ್ಕನ ಕಣ್ಣಿಗೆ ಮಣ್ಣೆರಚಿ ಭಾರಿ ಕೂಟವೊಂದನ್ನು ಹೂಡುತ್ತಾನೆ. ಮುಂದಿನದೆಲ್ಲ ರಂಪ.

ಇದರಲ್ಲಿ ಆಕರ್ಷಣೆ ಯಾವುದು? ಬೆತ್ತಲೆ ಮೈ ಎಂದು ಆಕ್ಷೇಪಕರು ಹೇಳುವರು. ಇದು ಎಳೆಯರ ಮಾತು. ಬೆತ್ತಲೆ ಮೈಯನ್ನೇ ಬಯಸುವವನಿಗೆ ಈ ಕಾಲದಲ್ಲಿ ಚಿತ್ರಮಂದಿರದವರೆಗೆ ನಡೆಯುವ ಅಗತ್ಯವೇ ಇಲ್ಲ. ಪ್ರೇಕ್ಷಕನು ನೋಡಬಯಸುವುದು ಬೇರೊಂದನ್ನು. ವರ್ಷದ ಮುನ್ನೂರು ದಿನ ಒಂದೇ ಮೇಜಿನ ಮುಂದೆ ಕುಳಿತು, ಒಂದೇ ಬಗೆಯ ವಿನಯದ ಮಾತುಗಳನ್ನಾಡಿ, ಮೇಲಿನವನ ಮುಖ ನೋಡಿ ತನ್ನ ಮುಖವನ್ನು ತಿದ್ದಿಕೊಂಡ ಮನುಷ್ಯನು ಒಂದು ರಾತ್ರಿ ಆ ಮುಖವಾಡವನ್ನು ಕಿತ್ತೊಗೆಯುವುದನ್ನು ಅವನು ನೋಡಬಯಸುತ್ತಾನೆ. ಕೇಟ್ ಮೆಕಿನ್ನನ್ ಎಂಬ ನಟಿ ಅಭಿನಯಿಸಿದ ಮೇರಿ ಎಂಬ ಪಾತ್ರವನ್ನು ಗಮನಿಸಬೇಕು. ಅವಳು ನೌಕರರ ನಡತೆಯ ಮೇಲ್ವಿಚಾರಕಿ; ಕ್ರಿಸ್ಮಸ್ ಎಂಬ ಹೆಸರನ್ನೇ ತೆಗೆದು, ಯಾವ ಮತಕ್ಕೂ ಸೇರದ ರಜಾಕಾಲದ ಸಂತೋಷಕೂಟವೆಂದು ಕರೆಯತಕ್ಕದ್ದೆಂಬುದು ಅವಳ ವಿಧಿ. ಅವಳು ತುಟಿ ಬಿಚ್ಚಿದರೆ ಪ್ರೇಕ್ಷಾಗೃಹ ನಗುತ್ತದೆ. ಆ ನಗೆ ಅವಳ ಮಾತಿನ ಕೊಳಕಿಗೆ ಹುಟ್ಟಿದುದಲ್ಲ. ಹಬ್ಬಕ್ಕೂ ನಿಯಮಾವಳಿಯ ಅಂಗಿ ತೊಡಿಸುವ ಆ ಭಾಷೆಯನ್ನು ನೋಡುವವರೆಲ್ಲರೂ ತಮ್ಮ ತಮ್ಮ ಕಚೇರಿಗಳಲ್ಲಿ ಕೇಳಿ ಬೇಸತ್ತಿದ್ದಾರೆ. ದೆಹಲಿಯಲ್ಲಿ ಹುಟ್ಟಿದ ಕರಣ್ ಸೋನಿ ಎಂಬ ನಟನ ಪಾತ್ರವೂ ಹೀಗೆಯೇ. ಯಂತ್ರಗಳ ಕೆಲಸದ ಆ ಯುವಕನು, ತನಗೊಬ್ಬ ಪ್ರೇಯಸಿಯಿದ್ದಾಳೆಂದು ಸಹೋದ್ಯೋಗಿಗಳಿಗೆ ಸುಳ್ಳು ಹೇಳಿ, ಆ ಸುಳ್ಳನ್ನು ಉಳಿಸಿಕೊಳ್ಳಲು ಒಬ್ಬಳನ್ನು ಹಣಕ್ಕೆ ಕರೆತರುತ್ತಾನೆ. ಇದನ್ನು ಅಶ್ಲೀಲವೆನ್ನುವವನು ಆ ಹುಡುಗನ ಒಂಟಿತನವನ್ನು ನೋಡಲಿಲ್ಲ.

ಇನ್ನು ಪವಿತ್ರದಿನದ ಮಾತು. ಕ್ರಿಸ್ಮಸ್ ಹಬ್ಬವು ಆದಿಯಿಂದಲೂ ಮನೆಮಂದಿ ಬೆಂಕಿಗೂಡಿನ ಸುತ್ತ ಶಾಂತರಾಗಿ ಕುಳಿತು ಆಚರಿಸುತ್ತಿದ್ದ ಹಬ್ಬವೆಂದೂ, ಈಚಿನ ಚಿತ್ರಗಳು ಅದನ್ನು ಕೆಡಿಸಿದವೆಂದೂ ನಂಬಿದವರು ಚರಿತ್ರೆಯನ್ನು ಒಮ್ಮೆ ತೆರೆದು ನೋಡುವುದೊಳ್ಳೆಯದು. ರೋಮ್ ನಗರದಲ್ಲಿ ಡಿಸೆಂಬರ್ ೧೭ರಂದು ಮೊದಲಾಗಿ ಹಲವು ದಿನ ನಡೆಯುತ್ತಿದ್ದ ಸಾಟರ್ನೇಲಿಯಾ ಎಂಬ ಉತ್ಸವದಲ್ಲಿ ದಾಸರಿಗೆ ಬಿಡುವು, ಜೂಜಿಗೆ ಅನುಮತಿ. ಯಜಮಾನರು ದಾಸರೊಡನೆ ಕುಳಿತು ಉಣ್ಣುವುದೂ, ಅವರಿಗೆ ತಾವೇ ಬಡಿಸುವುದೂ ವಾಡಿಕೆ. ಬಿಡುಗಡೆ ಹೊಂದಿದವರು ತೊಡುವ ಟೊಪ್ಪಿಗೆ ಆ ದಿನಗಳಲ್ಲಿ ಎಲ್ಲರ ತಲೆಯ ಮೇಲೂ ಇರುತ್ತಿತ್ತು. ಡಿಸೆಂಬರ್ ಬಂತೆಂದರೆ ಊರೆಲ್ಲ ಬೆವರುತ್ತದೆಂದು ಸೆನೆಕ ಎಂಬ ತತ್ತ್ವಜ್ಞನು ಒಂದು ಪತ್ರದಲ್ಲಿ ಬರೆದು, ಗುಂಪಿನೊಡನೆ ಪೂರಾ ಬೆರೆಯದೆಯೂ ಪೂರಾ ದೂರ ಸರಿಯದೆಯೂ ಇರುವುದೇ ಸಂಯಮಿಯ ಲಕ್ಷಣವೆಂದು ತೀರ್ಮಾನಿಸಿದನು. ಪ್ಲಿನಿ ಎಂಬ ಇನ್ನೊಬ್ಬ ಪಂಡಿತನು ಇನ್ನೂ ಸರಳವಾದ ಉಪಾಯ ಕಂಡುಕೊಂಡಿದ್ದನು. ತನ್ನ ತೋಟದ ಮನೆಯಲ್ಲಿ ದೂರದ ಒಂದು ಕೋಣೆಯನ್ನು ಕಟ್ಟಿಸಿಕೊಂಡು, ಆ ದಿನಗಳಲ್ಲಿ ಅಲ್ಲಿ ಸೇರಿ, ಆಳುಗಳ ಆಟಕ್ಕೆ ತಾನೂ ತನ್ನ ಓದಿಗೆ ಅವರೂ ಅಡ್ಡಿಯಾಗದಂತೆ ಇರುತ್ತಿದ್ದನು. ಇಂದಿನ ಆಕ್ಷೇಪಕರಿಗೂ ಆ ಮಾರ್ಗ ತೆರೆದೇ ಇದೆ.

ಕ್ರೈಸ್ತ ಯೂರೋಪು ಈ ಸ್ವೇಚ್ಛೆಯನ್ನು ಕೈಬಿಟ್ಟಿತೆನ್ನುವುದೂ ಸರಿಯಲ್ಲ. ಇಂಗ್ಲೆಂಡಿನ ಅರಮನೆಯಲ್ಲಿಯೂ ವಿದ್ಯಾಶಾಲೆಗಳಲ್ಲಿಯೂ ಕ್ರಿಸ್ಮಸ್ ಕಾಲಕ್ಕೆ ಅವ್ಯವಸ್ಥೆಯ ಅಧಿಪತಿಯೆಂಬ ಒಬ್ಬ ನಕಲಿ ಅರಸನನ್ನು ನೇಮಿಸುವ ಪದ್ಧತಿಯಿತ್ತು. ಬಡವರು ಗುಂಪುಗೂಡಿ ಉಳ್ಳವರ ಬಾಗಿಲು ತಟ್ಟಿ, ಹಾಡಿ, ಕುಡಿಯಲೂ ತಿನ್ನಲೂ ಹಕ್ಕಿನಿಂದ ಕೇಳುತ್ತಿದ್ದರು. ಈ ಗದ್ದಲವನ್ನು ಸಹಿಸಲಾರದೆಯೇ ಪ್ಯೂರಿಟನ್ ಪಂಥದವರು ಹಬ್ಬವನ್ನೇ ರದ್ದುಗೊಳಿಸಿದರು. ೧೬೪೭ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ ಹಬ್ಬವನ್ನು ನಿಷೇಧಿಸಿತು. ೧೬೫೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು, ಆ ದಿನವನ್ನು ಆಚರಿಸಿದವನಿಗೆ ಐದು ಷಿಲ್ಲಿಂಗ್ ದಂಡವೆಂದು ವಿಧಿಸಿತು. ಆ ಕಟ್ಟಳೆ ೧೬೮೧ರವರೆಗೆ ಉಳಿಯಿತು. ಅಂದಿನ ಧರ್ಮಬೋಧಕನಾದ ಇಂಕ್ರೀಸ್ ಮೇದರ್ ಎಂಬವನು ಈ ತೇದಿಯೇ ರೋಮನರ ಸಾಟರ್ನೇಲಿಯಾದ ಸಲುವಾಗಿ ಆರಿಸಿದುದೆಂದು ವಾದಿಸಿದ್ದನು. ಅವನ ಚರಿತ್ರೆ ಸರಿಯೋ ತಪ್ಪೋ, ಅವನಿಗೆ ಹಬ್ಬದ ಸ್ವಭಾವವಂತೂ ಚೆನ್ನಾಗಿ ಗೊತ್ತಿತ್ತು. ಮಕ್ಕಳು, ಮರ, ಉಡುಗೊರೆ, ಮನೆಯ ಒಳಗಣ ನೆಮ್ಮದಿ ಇವೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಿತ ಸಂಪ್ರದಾಯಗಳು. ಅಮೆರಿಕದ ಸಂಯುಕ್ತ ಸರ್ಕಾರವು ಈ ದಿನವನ್ನು ರಜಾದಿನವೆಂದು ಒಪ್ಪಿದುದು ೧೮೭೦ರಲ್ಲಿ. ಹಾಗಿರಲು, ನೂರೈವತ್ತು ಇನ್ನೂರು ವರ್ಷಗಳ ಸಭ್ಯತೆಯನ್ನು ಸನಾತನವೆಂದು ಸಾರಿ, ಸಾವಿರಾರು ವರ್ಷಗಳ ಗದ್ದಲವನ್ನು ನಿನ್ನೆ ಹುಟ್ಟಿದ ವಿಕಾರವೆನ್ನುವುದು ಎಂತಹ ನ್ಯಾಯ?

ಸಂಸ್ಕೃತದ ಹೆಸರು ಹೇಳಿ ಈ ಬಗೆಯ ನಗೆಯನ್ನು ಹಳಿಯುವವರೂ ಇದ್ದಾರೆ. ಅವರು ಸಂಸ್ಕೃತವನ್ನು ಓದಿದರೆ ಸಾಕು. ಭರತಮುನಿಯು ಹಾಸ್ಯವು ಶೃಂಗಾರದ ಅನುಕರಣೆಯಿಂದ ಹುಟ್ಟುವುದೆಂದು ಹೇಳಿ, ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿದನು. ಹಲ್ಲು ಕಾಣದ ಮುಗುಳ್ನಗೆ ಉತ್ತಮರದು. ಕಣ್ಣಲ್ಲಿ ನೀರು ತುಂಬಿ, ಪಕ್ಕೆ ಹಿಡಿದುಕೊಂಡು ನಗುವುದು ಅಧಮರದು. ಆದರೆ ಅಧಮವೆಂದವನು ಅದನ್ನು ರಂಗದಿಂದ ಹೊರಗಟ್ಟಲಿಲ್ಲ. ಅದಕ್ಕೂ ಲಕ್ಷಣ ಬರೆದನು. ದಶರೂಪಕಗಳಲ್ಲಿ ಪ್ರಹಸನಕ್ಕೆ ಸ್ಥಾನವುಂಟು. ಅದರಲ್ಲಿಯೂ ಸಂಕೀರ್ಣಪ್ರಹಸನವೆಂದರೆ ವೇಶ್ಯೆಯರು, ಚೇಟರು, ವಿಟರು, ಧೂರ್ತರು ಒಟ್ಟಾಗಿ ನೆರೆದು ನಡೆಸುವ ಗದ್ದಲ. ಶಿಕಾಗೋವಿನ ಕೂಟಕ್ಕೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ಯಾರೂ ಬರೆಯಲಾರರು. ಶ್ರೀಹರ್ಷನ 'ರತ್ನಾವಳಿ'ಯ ಮೊದಲನೆಯ ಅಂಕದಲ್ಲಿ ಕೌಶಾಂಬಿಯ ಪೌರರು ಮದನೋತ್ಸವದಲ್ಲಿ ಬಣ್ಣದ ಪುಡಿ ಎರಚಿ, ಮದಿಸಿ ಕುಣಿಯುತ್ತಾರೆ. ವಿದೂಷಕನು ದಾಸಿಯರ ನಡುವೆ ಸೇರಿ ಹೆಜ್ಜೆ ಹಾಕುತ್ತಾನೆ. ದೊರೆ ಮೇಲಿನಿಂದ ನೋಡಿ ಸಂತೋಷಪಡುತ್ತಾನೆ. ೧೯೨೨ರಲ್ಲಿ ರಾಮಕೃಷ್ಣ ಕವಿಗಳೂ ರಾಮನಾಥ ಶಾಸ್ತ್ರಿಗಳೂ ಅಚ್ಚು ಹಾಕಿಸಿದ 'ಚತುರ್ಭಾಣಿ'ಯ ನಾಲ್ಕು ಭಾಣಗಳನ್ನು ಓದಿ ಮುಗಿಸಿದವನಿಗೆ ಅಮೆರಿಕದ ಈ ಚಿತ್ರದಿಂದ ಕಿವಿ ಕೆಂಪಾಗಲಾರದು.

ಅಶ್ಲೀಲವೆಂಬ ದೋಷವೂ ಆಲಂಕಾರಿಕರ ಮತದಲ್ಲಿ ಒಂದೇ ಬಗೆಯದಲ್ಲ. ಮಮ್ಮಟನು ಅದನ್ನು ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಮೂರಾಗಿ ಹೇಳುತ್ತಾನೆ. ನಾಚಿಕೆ ತರುವುದು, ಹೇಸಿಗೆ ತರುವುದು, ಅಶುಭವನ್ನು ಸೂಚಿಸುವುದು. ಇಂದಿನ ಆಕ್ಷೇಪಕರು ಮೊದಲನೆಯದನ್ನು ಬಲ್ಲರು, ಎರಡನೆಯದನ್ನೂ ಬಲ್ಲರು. ಮೂರನೆಯದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಈ ಚಿತ್ರದ ಅಮಂಗಲವಾದರೋ ಮೊದಲನೆಯ ಕಾಲುಗಂಟೆಯಲ್ಲಿಯೇ ಬಂದುಹೋಗುತ್ತದೆ. ಹಬ್ಬದ ಮುನ್ನಾದಿನಗಳಲ್ಲಿ ಒಂದು ಕಚೇರಿಯ ಜನರ ಅನ್ನವನ್ನು ಕಿತ್ತುಕೊಳ್ಳುವೆನೆಂದು ಒಬ್ಬಳು ಒಳ್ಳೆಯ ಉಡುಪಿನಲ್ಲಿ, ಒಂದೂ ಕೆಟ್ಟ ಮಾತಿಲ್ಲದೆ ಹೇಳಬಲ್ಲಳು. ಅಲ್ಲಿ ಯಾರಿಗೂ ನಾಚಿಕೆಯಾಗಲಿಲ್ಲ. ಆಮೇಲೆ ಯಾರೋ ಅಂಗಿ ಕಳಚಿದಾಗ ಮಾತ್ರ ಸಂಸ್ಕೃತಿಗೆ ಹಾನಿಯಾಯಿತೆಂಬ ಕೂಗೆದ್ದಿತು.

ಇಲ್ಲಿಯವರೆಗೆ ಹೇಳಿದುದರಿಂದ ಈ ಚಿತ್ರವು ನಿರ್ದೋಷವೆಂದು ಯಾರೂ ಭಾವಿಸಬಾರದು. ಇದರಲ್ಲಿ ದೋಷವುಂಟು, ದೊಡ್ಡ ದೋಷವೇ ಉಂಟು. ಆದರೆ ಅದು ಆಕ್ಷೇಪಕರು ಹುಡುಕಿದ ಸ್ಥಳದಲ್ಲಿಲ್ಲ. ಅದನ್ನು ಕಾಣಬೇಕಾದರೆ ಚಾರ್ಲ್ಸ್ ಡಿಕನ್ಸನ ಕಡೆಗೆ ತಿರುಗಬೇಕು. ಅವನ 'ಎ ಕ್ರಿಸ್ಮಸ್ ಕ್ಯಾರಲ್' ೧೮೪೩ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಜಿಪುಣ ಸ್ಕ್ರೂಜನೂ, ಒಂದು ದಿನದ ರಜಕ್ಕೆ ಅವನಿಂದ ಗೊಣಗಿಸಿಕೊಳ್ಳುವ ಗುಮಾಸ್ತ ಬಾಬ್ ಕ್ರಾಚಿಟ್ಟನೂ ಎಲ್ಲರಿಗೂ ಗೊತ್ತು. ಆದರೆ ಸ್ಕ್ರೂಜನಿಗೆ ಭೂತವು ತೋರಿಸುವ ಹಳೆಯ ದೃಶ್ಯಗಳಲ್ಲಿ ಒಂದು ಕಚೇರಿಯ ಕೂಟವಿದೆ. ಅವನ ಮೊದಲನೆಯ ಯಜಮಾನನಾದ ಫೆಜಿವಿಗ್ ಎಂಬವನು ಕ್ರಿಸ್ಮಸ್ ಮುನ್ನಾದಿನ ಉಗ್ರಾಣದ ಸಾಮಾನುಗಳನ್ನೆಲ್ಲ ಬದಿಗೆ ಸರಿಸಿ, ಪಿಟೀಲಿನವನನ್ನು ಕರೆಸಿ, ಅಡಿಗೆಯವಳು, ಹಾಲಿನವನು, ಎದುರುಮನೆಯಲ್ಲಿ ಹೊಟ್ಟೆಗೆ ಸಾಲದೆ ದುಡಿಯುವ ಹುಡುಗ, ಹೀಗೆ ಎಲ್ಲರನ್ನೂ ಕೂಡಿಸಿ ಕುಣಿಸುತ್ತಾನೆ, ತಾನೂ ಕುಣಿಯುತ್ತಾನೆ. ಯಜಮಾನನಾದವನು ಸೇವೆಯನ್ನು ಹಗುರ ಮಾಡಬಲ್ಲನು, ಭಾರವನ್ನೂ ಮಾಡಬಲ್ಲನೆಂದು ಆ ದೃಶ್ಯವನ್ನು ಕಂಡ ಸ್ಕ್ರೂಜನೇ ಒಪ್ಪಿಕೊಳ್ಳುತ್ತಾನೆ. ಶಿಕಾಗೋವಿನ ಚಿತ್ರವು ಈ ಹಳೆಯ ಕಥೆಯ ಮಗು. ಕಠಿಣಳಾದ ಅಕ್ಕನೇ ಸ್ಕ್ರೂಜ್. ಅವಳ ಹೆಸರು ಕ್ಯಾರಲ್ ಎಂದಿರುವುದು ಆಕಸ್ಮಿಕವೋ ಅಲ್ಲವೋ, ಒಪ್ಪುತ್ತದೆ. ತಮ್ಮನೇ ಫೆಜಿವಿಗ್.

ಆದರೆ ಫೆಜಿವಿಗ್ ತನ್ನ ಕೂಟಕ್ಕೆ ಗಿರಾಕಿಯನ್ನು ಕರೆದಿರಲಿಲ್ಲ. ವ್ಯತ್ಯಾಸವೆಲ್ಲ ಈ ಒಂದು ಮಾತಿನಲ್ಲಿದೆ. ರೋಮಿನ ದಾಸನು ಆ ಏಳು ದಿನ ಯಜಮಾನನಿಗಾಗಿ ನಗಬೇಕಾಗಿರಲಿಲ್ಲ. ಕೌಶಾಂಬಿಯ ದಾಸಿಯು ವ್ಯಾಪಾರ ಕುದುರಲೆಂದು ಕುಣಿಯಲಿಲ್ಲ. ಶಿಕಾಗೋವಿನ ನೌಕರನಾದರೋ ತನ್ನ ಕೆಲಸ ಉಳಿಯಬೇಕಾದರೆ ಆ ರಾತ್ರಿ ಹುಚ್ಚೆದ್ದು ಸಂತೋಷಪಡಲೇಬೇಕು. ಅವನ ಸ್ವೇಚ್ಛೆಯೇ ಅವನ ಹೊಸ ಉದ್ಯೋಗ. ಅವನ ಮದವೇ ಕಂಪೆನಿಯ ಜಾಹೀರಾತು. ಇಲ್ಲಿ ಅನ್ನವು ನೇತಾಡುತ್ತಿರುವುದು ಗಿರಾಕಿಯ ರುಜುವಿನ ತುದಿಯಲ್ಲಿ. ಮುಖವಾಡವನ್ನು ಕಿತ್ತೊಗೆಯುವ ಸುಖಕ್ಕಾಗಿ ಬಂದ ಪ್ರೇಕ್ಷಕನಿಗೆ ಚಿತ್ರವು ಇನ್ನೊಂದು ಮುಖವಾಡವನ್ನು ಕೊಟ್ಟು ಕಳುಹಿಸುತ್ತದೆ. ಅದರ ಮೇಲೆ ನಗೆ ಬರೆದಿರುವುದರಿಂದ ಅವನು ಗುರುತಿಸಲಾರನು.

ಕೊನೆಗೆ ಆಗುವುದನ್ನೂ ನೋಡಬೇಕು. ಯುವತಿಯೊಬ್ಬಳು, ಆ ಕಚೇರಿಯ ಕುಶಲ ಯಂತ್ರಜ್ಞೆ, ವಿದ್ಯುದ್ದೀಪಗಳ ಮೂಲಕವೇ ಅಂತರಜಾಲವನ್ನು ಹರಿಸುವ ಹೊಸ ಉಪಾಯವೊಂದನ್ನು ಸಾಧಿಸುವುದರಿಂದ ಶಾಖೆ ಉಳಿಯುತ್ತದೆ. ಅಕ್ಕ ತಮ್ಮಂದಿರು ಅಪ್ಪಿಕೊಳ್ಳುತ್ತಾರೆ. ಒಂದು ಕಚೇರಿಯ ಜನರ ಜೀವನದ ಪ್ರಶ್ನೆ ಒಂದು ಮನೆಯ ಮುನಿಸಾಗಿ ಇಳಿದು, ಮುನಿಸು ತೀರಿದಾಗ ಪ್ರಶ್ನೆಯೂ ತೀರಿತೆಂದಾಗುತ್ತದೆ. ಹೊಸ ಉಪಾಯ ಹೊಳೆಯದೆ ಇದ್ದಿದ್ದರೆ? ಲೆಕ್ಕ ಬರೆಯುವವನಿಗೂ ದೂರವಾಣಿಗೆ ಉತ್ತರ ಕೊಡುವವಳಿಗೂ ಅಂತಹುದು ಹೊಳೆಯಬೇಕೆಂದು ಯಾವ ಶಾಸ್ತ್ರದ ವಿಧಿ? ಚಿತ್ರಕ್ಕೆ ಈ ಪ್ರಶ್ನೆ ಬೇಡ. ಪಲ್ಲವರ ದೊರೆ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿ ಬರೆದ 'ಮತ್ತವಿಲಾಸ'ವೂ ಕುಡುಕರ ಕಥೆಯೇ; ಕಪಾಲವನ್ನು ಕಳೆದುಕೊಂಡ ಒಬ್ಬ ಕಾಪಾಲಿಕನೂ ಅವನ ಸಂಗಾತಿಯೂ ಬೌದ್ಧಭಿಕ್ಷುವಿನೊಡನೆ ಕಂಚಿಯ ಬೀದಿಯಲ್ಲಿ ಹೂಡುವ ಜಗಳ. ಆದರೆ ಅಲ್ಲಿ, ವಿಹಾರಗಳ ಹಣವುಳ್ಳ ಭಿಕ್ಷುವು ನ್ಯಾಯಸ್ಥಾನದ ಅಧಿಕಾರಿಗಳ ಬಾಯನ್ನು ತುಂಬಿಸಬಲ್ಲನೆಂಬ ಮಾತು ಬರುತ್ತದೆ. ತನ್ನ ರಾಜ್ಯದ ಅಧಿಕಾರಿಗಳ ಮೇಲೆ ದೊರೆಯೇ ಎಸೆದ ಕಲ್ಲು ಅದು. ಅಮೆರಿಕದ ಪ್ರಹಸನಕಾರರು ಎಸೆದ ಕಲ್ಲುಗಳೆಲ್ಲ ಕಚೇರಿಯ ಗಾಜನ್ನೇ ಒಡೆದವು. ಯಜಮಾನನ ಕಿಟಕಿಗೆ ಒಂದೂ ತಾಕಲಿಲ್ಲ.

ಇಂತಹ ಚಿತ್ರದಿಂದ ಇಷ್ಟನ್ನು ಬಯಸುವುದು ಅತಿಯಾಯಿತೆಂದು ಎರಡನೆಯ ಪಕ್ಷದವರು ಹೇಳಬಹುದು. ಬಯಸಬಹುದೆಂಬುದಕ್ಕೆ ಅಮೆರಿಕದಲ್ಲಿಯೇ ಸಾಕ್ಷಿಯಿದೆ. ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 'ದಿ ಅಪಾರ್ಟ್ಮೆಂಟ್' ೧೯೬೦ರಲ್ಲಿ ಬಂದು ಐದು ಆಸ್ಕರ್ ಬಹುಮಾನಗಳನ್ನು ಪಡೆಯಿತು. ಅದೂ ಹಾಸ್ಯಚಿತ್ರ, ಅದರಲ್ಲಿಯೂ ವಿಮಾಕಂಪೆನಿಯೊಂದರ ಕ್ರಿಸ್ಮಸ್ ಕೂಟವಿದೆ. ಬ್ಯಾಕ್ಸ್ಟರ್ ಎಂಬ ಗುಮಾಸ್ತನು ಬಡ್ತಿಯ ಆಸೆಯಿಂದ ತನ್ನ ಮನೆಯ ಬೀಗದ ಕೈಯನ್ನು ಮೇಲಧಿಕಾರಿಗಳ ಕಳ್ಳಪ್ರಣಯಕ್ಕೆ ಕೊಡುತ್ತಿರುತ್ತಾನೆ. ಕೂಟದ ದಿನ ಬಡ್ತಿ ಬಂದಿದೆ, ಹೊಸ ಟೊಪ್ಪಿ ತಲೆಯ ಮೇಲಿದೆ. ಅದು ತನಗೆ ಒಪ್ಪುವುದೇ ಎಂದು ನೋಡಿಕೊಳ್ಳಲು, ತಾನು ಮೆಚ್ಚಿದ ಲಿಫ್ಟಿನ ಹುಡುಗಿಯ ಪುಟ್ಟ ಕನ್ನಡಿಯನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಕನ್ನಡಿ ಒಡೆದಿದೆ. ಅದೇ ಒಡಕನ್ನು ಅವನು ತನ್ನ ಮನೆಯಲ್ಲಿ ಕಂಡು, ಎತ್ತಿಕೊಂಡು, ಮೇಲಧಿಕಾರಿಗೆ ಹಿಂದಿರುಗಿಸಿದ್ದನು. ಒಂದು ಬೈಗುಳವಿಲ್ಲ, ಬೆತ್ತಲೆ ಮೈಯಿಲ್ಲ. ಸುತ್ತಲೂ ಜನ ಕುಡಿದು ಕೇಕೆ ಹಾಕುತ್ತಿದ್ದಾರೆ. ನಡುವೆ ಒಬ್ಬನಿಗೆ ತನ್ನ ಬಡ್ತಿಯ ಬೆಲೆ ಏನೆಂದು ತಿಳಿದುಹೋಗುತ್ತದೆ. ಕಚೇರಿಯಲ್ಲಿ ಯಾರು ಯಾರನ್ನು ಬಳಸಿಕೊಳ್ಳುತ್ತಾರೆಂಬುದನ್ನು ನಗೆಯನ್ನು ಬಿಡದೆಯೇ ಹೇಳಿದ ಈ ದೃಶ್ಯದ ಎದುರಿಗೆ ೨೦೧೬ರ ಕೂಟದ ಗದ್ದಲವೆಲ್ಲ ಬಹಳ ಸಭ್ಯವಾಗಿ ತೋರುತ್ತದೆ.

ಮರುವರ್ಷ, ೨೦೧೭ರಲ್ಲಿ, ಬಂದ 'ಎ ಬ್ಯಾಡ್ ಮಾಮ್ಸ್ ಕ್ರಿಸ್ಮಸ್' ಎಂಬ ಚಿತ್ರವು ಕುಶಲತೆಯಲ್ಲಿ ಇದಕ್ಕಿಂತ ಮೇಲೆನ್ನಲಾಗದು. ಅನೇಕ ಕಡೆ ಒರಟು, ಕೆಲವು ಕಡೆ ನೀರಸ. ಆದರೂ ಒಂದು ವಿಷಯದಲ್ಲಿ ಅದು ಹೆಚ್ಚು ಪ್ರಾಮಾಣಿಕ. ಮೂವರು ತಾಯಂದಿರು, ಅವರನ್ನು ನೋಡಲು ಬಂದ ಅವರವರ ತಾಯಂದಿರು. ಹಬ್ಬವೆಂದರೆ ಗಂಡಸರಿಗೂ ಮಕ್ಕಳಿಗೂ ಬಿಡುವು, ಹೆಂಗಸಿಗೆ ಎರಡರಷ್ಟು ದುಡಿಮೆ ಎಂಬ ಸಂಗತಿಯನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಆ ಮೂವರು ಕುಡಿದು ಹಾವಳಿಯೆಬ್ಬಿಸುವುದು ಯಾವ ಗಿರಾಕಿಯನ್ನೂ ಮೆಚ್ಚಿಸುವುದಕ್ಕಲ್ಲ. ಹಬ್ಬದ ಅಡಿಗೆಮನೆಯಿಂದ ಹೊರಗೆ ಬಂದು ಕುಳಿತುಕೊಳ್ಳಲು ರಾತ್ರಿ ಹತ್ತು ಗಂಟೆಯಾಗುವ ಗೃಹಿಣಿ ಯಾವ ದೇಶದವಳಾದರೂ ಇದನ್ನು ನೋಡಿ ನಕ್ಕರೆ, ಆ ನಗೆಯ ಮೂಲವನ್ನು ಕೊಳಕಿನಲ್ಲಿ ಹುಡುಕುವುದು ವ್ಯರ್ಥ.

ಶಿಕಾಗೋವಿನ ಕೂಟದಲ್ಲಿ ಒಂದು ಘಟನೆಯನ್ನು ಇನ್ನೂ ಹೇಳಿಲ್ಲ. ಕೃತಕ ಮಂಜನ್ನು ಊದುವ ಯಂತ್ರದೊಳಕ್ಕೆ ಅಚಾತುರ್ಯದಿಂದ ಕೊಕೇನ್ ಬಿದ್ದು, ಅದು ಗಂಭೀರಪುರುಷನಾದ ವಾಲ್ಟರ್ ಡೇವಿಸನ ಮುಖಕ್ಕೇ ಹಾರಿ, ಅವನು ಕ್ಷಣಮಾತ್ರದಲ್ಲಿ ಎಲ್ಲರಿಗಿಂತಲೂ ಮಿಗಿಲಾದ ವಿಲಾಸಿಯಾಗುತ್ತಾನೆ. ಕಡೆಗೆ ದೀಪಮಾಲೆಯೊಂದನ್ನು ಹಿಡಿದು ಜೋತಾಡಿ ಕೆಳಕ್ಕೆ ಬಿದ್ದು ಪೆಟ್ಟು ತಿನ್ನುತ್ತಾನೆ. ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೆ ತಿಳಿದುಬರುವುದೇನೆಂದರೆ, ಅವನ ಕಂಪೆನಿಯು ಅದೇ ದಿನ ಅವನನ್ನು ಕೆಲಸದಿಂದ ತೆಗೆದುಹಾಕಿತ್ತು. ರುಜು ಹಾಕುವ ಅಧಿಕಾರವೇ ಅವನಿಗೆ ಉಳಿದಿರಲಿಲ್ಲ. ಕೆಲಸ ಕಳೆದುಕೊಂಡ ಮನುಷ್ಯನೊಬ್ಬನನ್ನು, ಕೆಲಸ ಕಳೆದುಕೊಳ್ಳುವ ಭಯವುಳ್ಳವರು ಇಡೀ ರಾತ್ರಿ ಓಲೈಸಿದ್ದರು. ಈ ಒಂದು ಸಂಗತಿಯಲ್ಲಿ ನಿಜವಾದ ಪ್ರಹಸನವೊಂದು ಪೂರಾ ಅಡಗಿತ್ತು. ಚಿತ್ರವು ಅದನ್ನು ಕಥೆಯ ಒಂದು ತಿರುವಾಗಿ ಬಳಸಿಕೊಂಡು ಮುಂದಿನ ಓಟಕ್ಕೆ ಹೊರಟುಹೋಯಿತು. ಆಕ್ಷೇಪಕರ ದೂರುಗಳಲ್ಲಿ ಬೈಗುಳಗಳ ಎಣಿಕೆಯಿದೆ, ಬೆತ್ತಲೆ ಮೈಗಳ ಎಣಿಕೆಯಿದೆ, ಕುಡಿದ ಲೋಟಗಳ ಎಣಿಕೆಯೂ ಇದೆ. ವಾಲ್ಟರ್ ಡೇವಿಸನ ಹೆಸರು ಅವುಗಳಲ್ಲಿ ಎಲ್ಲಿಯೂ ಇಲ್ಲ.